ನಕ್ಷೆಯ ಮೇಲೊಂದು ಕಿತ್ತಳೆ ಮನೆ

ಒಂದು ಊರಿನಲ್ಲಿ ಯಾರು ಎಲ್ಲಿ ವಾಸವಾಗಿರಬೇಕು ಎಂದು ಬಣ್ಣ ಹಚ್ಚಿ ತೋರಿಸುವ ಕೆಲಸ ಈಶಣ್ಣನಿಗೆ ಸಿಕ್ಕಿದ್ದು ಅವನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ. ಆಗ ಅವನಿಗೇ ವಾಸಕ್ಕೊಂದು ಮನೆ ಇರಲಿಲ್ಲ.

ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿ, ಊರುಗಳಿಗೆ ನೆಲಬಳಕೆಯ ನಕ್ಷೆ ಮಾಡಿಕೊಡುವ ಒಂದು ಪ್ಲಾನಿಂಗ್ ಕಚೇರಿಯಲ್ಲಿ ಅವನ ನೌಕರಿ. ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಇಲ್ಲಿಗೆ ಬಂದು ಮೇಲೊಂದು ಡಿಗ್ರಿ ಹೊತ್ತುಕೊಂಡಿದ್ದ. ಊರಿಗೆ ಬರೆಯುವ ಕಾಗದದಲ್ಲಿ ಅವನು ಎಂಜಿನಿಯರ್, ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್, ಮಾಡುತ್ತಿದ್ದುದು ಮಾತ್ರ ಬಾಲವಾಡಿಯ ಕೆಲಸ, ಗೆರೆ ದಾಟದ ಹಾಗೆ ಬಣ್ಣ ತುಂಬುವುದು. ಒಂದೇ ಸಂಸಾರದ ಮನೆಗೆ ಹಳದಿ, ಎರಡು ಸಂಸಾರವಿದ್ದರೆ ಕಿತ್ತಳೆ, ಅಂಗಡಿಗೆ ಕೆಂಪು, ಹೊಲಕ್ಕೆ ಹಸಿರು. ಪಕ್ಕದ ಮೇಜಿನ ಮೈಸೂರಿನ ಮುಕುಂದ್, "ನಮ್ಮಪ್ಪ ಸಾಲ ಮಾಡಿ ಕಳಿಸಿದ್ದು ಇದಕ್ಕೇನಯ್ಯ? ಇದನ್ನ ನಮ್ಮ ಅಕ್ಕನ ಮಗಳು ಇನ್ನೂ ಚೆನ್ನಾಗಿ ಮಾಡ್ತಾಳೆ" ಎನ್ನುತ್ತಿದ್ದ. ಈಶಣ್ಣನಿಗೆ ಒಳಗೊಳಗೇ ನೋವಾಗುತ್ತಿತ್ತು. ಅವನ ಬಣ್ಣ ಎಂದೂ ಗೆರೆ ದಾಟುತ್ತಿರಲಿಲ್ಲ, ಅದನ್ನು ಯಾರೂ ಗಮನಿಸುತ್ತಿರಲಿಲ್ಲ.

ಎಪ್ಪತ್ಮೂರರ ಬೇಸಿಗೆಯಲ್ಲಿ ಪಶ್ಚಿಮದ ಗುಡ್ಡದ ಸೀಮೆಯ ಕೋಲ್ಡ್‌ಬ್ರೂಕ್ ಎಂಬ ಹಳ್ಳಿ ಈ ಕಚೇರಿಯಿಂದ ಹೊಸ ಯೋಜನೆ ಬರೆಸಿಕೊಳ್ಳಲು ಹೊರಟಿತು. ಅಲ್ಲಿನ ಹೈನುಗಾರರು ಒಬ್ಬೊಬ್ಬರಾಗಿ ಹಸು ಮಾರಿದ್ದರು. ಮ್ಯಾನ್‌ಹಟನ್‌ನಲ್ಲಿ ದುಡಿಯುವವರು ಆ ಮನೆಗಳನ್ನು ಕೊಂಡು, ಕೊಟ್ಟಿಗೆಯಲ್ಲಿ ಕುದುರೆ ಕಟ್ಟಿ, ಇನ್ನು ಮುಂದೆ ಈ ಊರು ಹೀಗೇ ಇರಬೇಕು ಎಂದು ತೀರ್ಮಾನಿಸಿದ್ದರು. ಹೀಗೇ ಇರಬೇಕಾದರೆ ಬೇಕಾದ ನಿಯಮ ಇಷ್ಟೇ: ಮೂರು ಎಕರೆಗೆ ಒಂದು ಮನೆ, ಒಂದು ಮನೆಗೆ ಒಂದು ಸಂಸಾರ, ಒಂದು ಸಂಸಾರಕ್ಕೆ ಒಂದು ಅಡುಗೆಮನೆ. ಮೂರು ಎಕರೆ ಕೊಳ್ಳಲಾಗದವನು ಬೇರೆ ಊರು ನೋಡಿಕೊಳ್ಳಬೇಕು, ಹುಟ್ಟಿದ್ದು ಇಲ್ಲೇ ಆದರೂ.

ಮೊದಲು ಈಗ ಏನೇನಿದೆ ಎಂದು ಮನೆ ಮನೆ ಎಣಿಸಬೇಕಲ್ಲ, ಅದಕ್ಕೆ ಈಶಣ್ಣನನ್ನು ಕಳಿಸಿದರು. ಕಾರಿನಲ್ಲೇ ಕೂತು, ಬಾಗಿಲು ಮತ್ತು ಅಂಚೆ ಡಬ್ಬಿ ನೋಡಿ ಗುರುತು ಹಾಕಿಕೊಂಡರೆ ಸಾಕು ಎಂದು ಬಾಸ್ ಹೇಳಿದ್ದರು. ಈಶಣ್ಣ ಪ್ರತಿ ಮನೆಗೂ ಇಳಿದು ಬಾಗಿಲು ತಟ್ಟಿದ. ಹಾಗೆ ತಟ್ಟಿದ ಬಾಗಿಲುಗಳಲ್ಲಿ ಒಂದು ಮಿಸೆಸ್ ವ್ಯಾನ್‌ಡೋರ್ನ್ ಎಂಬ ವಿಧವೆಯದು. ಎಪ್ಪತ್ತೊಂದು ವರ್ಷದ ಮುದುಕಿ, ಗಂಡನ ಹಳೆಯ ರಬ್ಬರ್ ಬೂಟು ತೊಟ್ಟು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಂಗಳದಾಚೆ ಗ್ಯಾರೇಜಿನ ಮೇಲೆ ಎರಡು ಕೋಣೆ, ಒಂದು ಸ್ಟೋವು, ಹೊರಗಿನಿಂದ ಮರದ ಮೆಟ್ಟಿಲು. ಹಸುಗಳಿದ್ದ ಕಾಲದಲ್ಲಿ ಹಾಲು ಕರೆಯುವ ಆಳು ಅಲ್ಲಿರುತ್ತಿದ್ದ.

"ಈಗ ಯಾರಿದ್ದಾರೆ?" ಎಂದು ಈಶಣ್ಣ ಪೆನ್ಸಿಲ್ ಹಿಡಿದು ಕೇಳಿದ.

"ಇಲಿ. ಯಾಕೆ, ನಿನಗೆ ಬೇಕೇ?" ಎಂದಳು ಮುದುಕಿ.

ಬೇಕಿತ್ತು. ಎರಡು ವರ್ಷದಿಂದ ಅವನು ಮ್ಯಾನ್‌ಹಟನ್ ಆಚೆಯ ಫ್ಲಶಿಂಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಮುಕುಂದ್ ಸೇರಿದಂತೆ ಐದು ಜನ ಬ್ರಹ್ಮಚಾರಿಗಳ ಜೊತೆ ಆರನೆಯವನಾಗಿ ನೆಲದ ಮೇಲೆ ಮಲಗುತ್ತಿದ್ದ. ಅವನು ಮಾತ್ರ ಬ್ರಹ್ಮಚಾರಿಯಲ್ಲ. ಹೆಂಡತಿ ಶೈಲಜಾ ಧಾರವಾಡದಲ್ಲಿ ವೀಸಾ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ವುಡ್‌ಬ್ರಿಡ್ಜ್‌ನಲ್ಲಿ ಅವನು ಹದಿನಾಲ್ಕು ಮನೆ ನೋಡಿದ್ದ. ಫೋನಿನಲ್ಲಿ ಖಾಲಿ ಇದ್ದ ಮನೆಗಳು ಅವನ ಮುಖ ಕಂಡೊಡನೆ ಭರ್ತಿಯಾಗುತ್ತಿದ್ದವು. "ನೀನು ನೋಡೋಕೆ ಹೋದ್ರೆ ಸಾಕು, ಆ ಮನೆಗೆ ಬೇಗ ಬಾಡಿಗೆದಾರ ಸಿಗ್ತಾನೆ. ಕಮಿಷನ್ ತಗೋ" ಎಂದಿದ್ದ ಮುಕುಂದ್.

ಸೆಪ್ಟೆಂಬರಿನಲ್ಲಿ ಶೈಲಜಾ ಬಂದಳು. ಮೆಟ್ಟಿಲು ಹತ್ತಿ ಎರಡೂ ಕೋಣೆ ನೋಡಿ, ಸ್ಟೋವಿನ ನಾಲ್ಕೂ ಒಲೆ ಹಚ್ಚಿ ಆರಿಸಿ, "ಸಾಕ್ರಿ, ಭಾಳ ಆತು. ಒಲಿ ನಂದು, ಕದಾ ನಂದು. ಇನ್ನೇನ ಬೇಕು?" ಎಂದಳು. ನವೆಂಬರಿಗೆ ಅವಳು ಬಸುರಿ ಎಂಬುದೂ ಖಚಿತವಾಯಿತು. ಕೂಸು ಜೂನ್ ಹೊತ್ತಿಗೆ. ಈಶಣ್ಣ ದಿನಕ್ಕೆ ತೊಂಬತ್ತು ಮೈಲಿ ಡ್ರೈವ್ ಮಾಡುತ್ತಿದ್ದ. ಆ ಚಳಿಗಾಲ ಪೆಟ್ರೋಲಿಗೆ ಬರ ಬಂದು, ಪಂಪಿನ ಮುಂದೆ ಎರಡು ತಾಸು ಸಾಲು ನಿಂತು, ಸ್ಟಿಯರಿಂಗಿಗೆ ಹಣೆ ಒತ್ತಿ ನಿದ್ದೆ ಮಾಡುವುದನ್ನೂ ಕಲಿತ. ಹಿಂದಿನ ಕಾರಿನವರು ಹಾರ್ನ್ ಹೊಡೆದಾಗ ಎಚ್ಚರವಾಗಿ ಒಂದು ಕಾರಿನಷ್ಟು ಮುಂದೆ ಸರಿದು ಮತ್ತೆ ಮಲಗುವುದು. ಅವನ ಅಮೆರಿಕದ ಜೀವನ ಒಟ್ಟಾರೆ ಹೀಗೆಯೇ ನಡೆದಿತ್ತು.

ಈಗ ಅವನು ಮಾಡಿದ ತಪ್ಪಿನ ಮಾತು. ಇಂಥ ತಪ್ಪು ಮಾಡಲು ತಲಾಠಿಯ ಮಗನೇ ಆಗಿರಬೇಕು.

ಅವನ ತಂದೆ ಅಡಿವೆಪ್ಪ ನವಲಗುಂದ ತಾಲೂಕಿನಲ್ಲಿ ಮೂವತ್ತು ವರ್ಷ ತಲಾಠಿಯಾಗಿದ್ದವರು. ಹೊಲದ ಉತಾರ, ಎಂದರೆ ಪಹಣಿ, ಬರೆಯುವ ಅಧಿಕಾರಿ. ಯಾರ ಹೊಲ ಯಾರು ಉಳುತ್ತಿದ್ದಾರೆ ಎಂದು ಅವರು ಬರೆದರೆ ಅದೇ ಸತ್ಯ. ಹತ್ತು ವರ್ಷ ಉತ್ತವನೂ ಉತಾರದಲ್ಲಿ ಹೆಸರಿಲ್ಲದಿದ್ದರೆ ಒಂದೇ ದಿನದಲ್ಲಿ ಬೀದಿಗೆ ಬೀಳುತ್ತಿದ್ದ; ಹೆಸರಿದ್ದವನನ್ನು ಯಾವ ದೇಸಾಯಿಯೂ ಅಲುಗಿಸಲಾಗುತ್ತಿರಲಿಲ್ಲ. "ಹೆಸರು ಹಚ್ರಿ ಸಾಹೇಬ್ರ, ಅಷ್ಟ ಮಾಡ್ರಿ" ಎಂದು ಗೇಣಿದಾರರು ಮನೆಯ ಕಟ್ಟೆಯ ಮೇಲೆ ಬಂದು ಕೂರುವುದನ್ನು ನೋಡುತ್ತಲೇ ಈಶಣ್ಣ ಬೆಳೆದಿದ್ದ. ಬರೆಸಿಕೊಂಡವನು ಬದುಕಿದ ಎಂಬುದು ಅವನ ರಕ್ತದಲ್ಲಿತ್ತು.

ಹೀಗಾಗಿ ಡಿಸೆಂಬರಿನಲ್ಲಿ ನಕ್ಷೆಗೆ ಬಣ್ಣ ಹಚ್ಚುತ್ತ ಮಿಸೆಸ್ ವ್ಯಾನ್‌ಡೋರ್ನ್‌ಳ ಜಾಗಕ್ಕೆ ಬಂದಾಗ ಅವನ ಕೈ ಹಳದಿಯ ಮೇಲೆ ಒಂದು ಗಳಿಗೆ ನಿಂತಿತು. ಹೊಸ ನಿಯಮ ಬರುವ ಮೊದಲೇ ಇರುವುದನ್ನು ನಿಯಮ ಮುಟ್ಟುವುದಿಲ್ಲ ಎಂದು ಅವನು ಕಚೇರಿಯಲ್ಲಿ ಕೇಳಿದ್ದ. ಅಂದಮೇಲೆ ಈಗಲೇ ದಾಖಲೆಗೆ ಬಂದುಬಿಡಬೇಕು. ಎರಡು ಸಂಸಾರ, ಎರಡು ಒಲೆ. ಅವನು ಕಿತ್ತಳೆ ಎತ್ತಿಕೊಂಡ. ಇಡೀ ಕೋಲ್ಡ್‌ಬ್ರೂಕ್‌ನ ಹಳದಿ-ಹಸಿರಿನ ನಡುವೆ ಒಂದೇ ಒಂದು ಕಿತ್ತಳೆ ಚೌಕ. ಸುಂದರವಾಗಿ ತುಂಬಿದ. ಮನೆಗೆ ಬಂದು ಹೆಂಡತಿಗೆ, "ನಮ್ಮ ಹೆಸರು ಉತಾರದಾಗ ಬಂತು. ಇನ್ನ ಯಾರೂ ಅಲುಗಸಾಕ ಬರಂಗಿಲ್ಲ" ಎಂದು ಎದೆ ಉಬ್ಬಿಸಿ ಹೇಳಿದ.

"ಅಜ್ಜಿನ್ನ ಕೇಳೀರೇನು?" ಎಂದಳು ಶೈಲಜಾ.

"ಅಕಿಗೇನ್ ಕೇಳೂದು? ಅಕಿಗೂ ಛಲೋನ ಆತಲ್ಲ."

ಫೆಬ್ರವರಿಯಲ್ಲಿ ಊರ ಮುಂದೆ ನಕ್ಷೆ ಇಡುವ ಸಭೆ. ಎಣ್ಣೆಯ ಬರದಲ್ಲಿ ದೀಪದ ಖರ್ಚು ಉಳಿಸಲೆಂದು, ಸಂಜೆ ಕೂಡುವುದನ್ನು ಬಿಟ್ಟು ಶನಿವಾರ ಬೆಳಿಗ್ಗೆ ಫೈರ್‌ಹೌಸಿನಲ್ಲಿ ಸೇರಿದರು. ಬೆಂಕಿ ಬಂಡಿಯನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿ ಒಳಗೆ ಕುರ್ಚಿ ಹಾಕಿದ್ದರು. ಬಾಸ್ ಭಾಷಣ ಮಾಡಿದರು. ಈಶಣ್ಣ ಉದ್ದನೆಯ ಕೋಲು ಹಿಡಿದು, ಅವರು ಹೇಳಿದ ಕಡೆ ತೋರಿಸುತ್ತ, ಹಗಲುವೇಷದವರ ಜೊತೆ ಬಂದ ಹಾರ್ಮೋನಿಯಂನವನ ಹಾಗೆ ಪಕ್ಕದಲ್ಲಿ ನಿಂತಿದ್ದ. ಮಿಸೆಸ್ ವ್ಯಾನ್‌ಡೋರ್ನ್ ಮೂರನೆಯ ಸಾಲಿನಲ್ಲಿ ಕೂತು ಹೆಣಿಗೆ ಹಾಕುತ್ತಿದ್ದಳು. ಅವಳನ್ನು ಕಾರಿನಲ್ಲಿ ಕರೆತಂದವನು ಈಶಣ್ಣನೇ.

ಮುದುಕಿ ಒಮ್ಮೆ ಎದ್ದು ನಿಂತಳು. "ನನ್ನ ಮಗ ಹರೆಯದಲ್ಲಿ ಈ ಬೆಂಕಿ ಬಂಡಿ ಓಡಿಸಿದವನು. ಇವತ್ತು ಹೊಳೆಯಾಚೆ ಪೆನ್ಸಿಲ್ವೇನಿಯಾದಲ್ಲಿ ಇದ್ದಾನೆ. ಇಲ್ಲಿ ಅರ್ಧ ಎಕರೆ ಕೊಡುವವರಿಲ್ಲ, ಮೂರು ಎಕರೆ ಅವನಿಗೆ ಆಗುವುದಿಲ್ಲ. ನಿಮ್ಮ ಮನೆಗೆ ಬೆಂಕಿ ಬಿದ್ದರೆ ಆರಿಸಲು ಯಾರು ಬರುತ್ತಾರೆ, ಕುದುರೆಗಳೇ?" ಕೆಲವರು ನಕ್ಕರು. ಅಧ್ಯಕ್ಷರು ಮಾತನ್ನು ಬರೆದುಕೊಂಡಿದ್ದೇವೆ ಎಂದು ಧನ್ಯವಾದ ಹೇಳಿದರು. ಬರೆದುಕೊಂಡದ್ದು ಕಾಣಲಿಲ್ಲ.

ಆಮೇಲೆ ಮುಂದಿನ ಸಾಲಿನಲ್ಲಿದ್ದ ಹೊಸ ಮನೆಯ ಗೃಹಸ್ಥನೊಬ್ಬ ಕನ್ನಡಕ ಸರಿಮಾಡಿಕೊಂಡು ಕೇಳಿದ: "ಆ ಕಿತ್ತಳೆ ಚುಕ್ಕೆ ಏನು?"

ಎಲ್ಲರೂ ನೋಡಿದರು. ಬಾಸ್ ಕೂಡ ಅದನ್ನು ಆಗಲೇ ಮೊದಲ ಸಲ ನೋಡಿದ್ದು. ಈಶಣ್ಣನ ಕಡೆ ಬಾಗಿ ತುಟಿ ಅಲುಗದ ಹಾಗೆ, "ಕೈತಪ್ಪು ಅನ್ನು. ಬಣ್ಣ ತಪ್ಪಿದೆ ಅನ್ನು" ಎಂದರು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಹಳದಿ ಬಳಿದು, ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದರು. ಈಶಣ್ಣ ಆಮೇಲೆ ಎಷ್ಟೋ ಸಲ ಇದನ್ನು ಮೆಲುಕು ಹಾಕಿದ. ತಾನು ಸತ್ಯವಂತ ಎಂದು ಹೇಳಿಕೊಳ್ಳಲು ಅವನಿಗೆ ಆಸೆಯೇನೋ ಇತ್ತು, ಆದರೆ ಅದಲ್ಲ ಕಾರಣ. ನಾನೂರ ಹನ್ನೆರಡು ಮನೆಯ ಬಾಗಿಲು ತಟ್ಟಿ, ಒಂದೂ ತಪ್ಪಿಲ್ಲದೆ ತುಂಬಿದ ನಕ್ಷೆಯಲ್ಲಿ, ಊರವರೆಲ್ಲರ ಮುಂದೆ, ಕೈತಪ್ಪು ಅನ್ನಬೇಕೇ? ಡ್ರಾಫ್ಟ್ಸ್‌ಮನ್ನನಿಗೆ ಉಳಿದಿರುವ ಮಾನ ಎಂದರೆ ಅಷ್ಟೇ.

"ತಪ್ಪಲ್ಲ. ಅಲ್ಲಿ ಎರಡು ಸಂಸಾರ ಇದೆ. ಒಂದು ನನ್ನದು" ಎಂದ.

ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು.

ಮನೆಗೆ ವಾಪಸು ಬರುವಾಗ ಮುದುಕಿ ನಾಲ್ಕು ಮೈಲಿಯೂ ಹೆಣಿಗೆಯ ನೂಲು ಸುತ್ತುತ್ತ ಕೂತಿದ್ದಳು. ಅಂಗಳದಲ್ಲಿ ಕಾರು ನಿಂತ ಮೇಲೆ ಹೇಳಿದಳು: "ಆ ಕೋಣೆ ನಲವತ್ತು ವರ್ಷದಿಂದ ಊರಿಗೆಲ್ಲ ಗೊತ್ತಿತ್ತು. ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ." ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿದಳು. ಜೋರಾಗಿ ಹಾಕಿದ್ದರೆ ಈಶಣ್ಣನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುವಾರವೇ ಊರಿನ ಆಡಳಿತದಿಂದ ನೋಟೀಸು ಬಂತು. ಹಳೆಯ ನಿಯಮದಲ್ಲೂ ಎರಡನೆಯ ಸಂಸಾರಕ್ಕೆ ಎಡೆಯಿರಲಿಲ್ಲವಂತೆ. ಹೈನು ಇದ್ದವರಿಗೆ ಆಳಿನ ಕೋಣೆ ಎಂದು ವಿನಾಯಿತಿ, ಹಸು ಹೋದ ದಿನವೇ ವಿನಾಯಿತಿಯೂ ಹೋಯಿತು. ಮೊದಲಿಂದ ಇದ್ದದ್ದು ಎಂಬ ಈಶಣ್ಣನ ಹಕ್ಕು ಮೊದಲಿಂದಲೂ ಇರಲಿಲ್ಲ. ಮೂವತ್ತು ದಿನದಲ್ಲಿ ಖಾಲಿ ಮಾಡಬೇಕು.

ಕಚೇರಿಯಲ್ಲಿ ಮುಕುಂದ್ ನೋಟೀಸನ್ನು ಎರಡು ಸಲ ಓದಿದ. "ಅಲ್ಲಯ್ಯ, ಕಳ್ಳರು ಕದ್ದ ಮೇಲೆ ಸ್ಟೇಷನ್ನಿಗೆ ಹೋಗಿ ಲಿಸ್ಟ್ ಕೊಟ್ಟು ಬರ್ತಾರೇನಯ್ಯ ಎಲ್ಲಾದ್ರೂ?"

"ನಾ ಏನ್ ಕದ್ದೀನೋ?"

"ಏನೂ ಇಲ್ಲಪ್ಪ. ಅದೇ ನಿನ್ನ ಪ್ರಾಬ್ಲಮ್ಮು. ಫ್ಲಶಿಂಗ್‌ಗೆ ಬಂದ್ಬಿಡು. ನೀವಿಬ್ರೂ ಹಾಲ್‌ನಲ್ಲಿ ಮಲಗಿ, ನಾವು ಐದು ಜನ ರೂಮಲ್ಲಿ ಇರ್ತೀವಿ."

ಬಸುರಿಯನ್ನು ಐದು ಗಂಡಸರ ಹಾಲಿಗೆ ಹೇಗೆ ಕರೆದೊಯ್ಯುವುದು? ಈಶಣ್ಣ ಮತ್ತೆ ವುಡ್‌ಬ್ರಿಡ್ಜ್ ಸುತ್ತಿದ. ಮುಖ ನೋಡಿ ಬೇಡವೆಂದವರು ಹೋದ ವರ್ಷ ಇದ್ದಷ್ಟೇ. ಈ ವರ್ಷ ಮಕ್ಕಳಾಗುವವರು ಬೇಡ ಎನ್ನುವವರೂ ಸೇರಿಕೊಂಡರು.

ಇಪ್ಪತ್ತನೆಯ ದಿನಕ್ಕೆ ಈ ನಿಯಮಗಳನ್ನು ಕಾಯುವ ಜೋನಿಂಗ್ ಅಧಿಕಾರಿ ತಪಾಸಣೆಗೆ ಬಂದ. ರಸೆಲ್ ಅಂತ ಹೆಸರು. ವಾರದಲ್ಲಿ ಎರಡು ದಿನ ಅಧಿಕಾರಿ, ಉಳಿದ ದಿನ ಚಳಿಗೆ ಮನೆ ಕಾಯಿಸುವ ಫರ್ನೆಸ್‌ಗಳ ರಿಪೇರಿ ಮಾಡುವವನು. ಕೈಯ ಮಸಿ ಎರಡೂ ಕೆಲಸಕ್ಕೆ ಒಂದೇ. ಮುದುಕಿಯೂ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. ಶೈಲಜಾ ಯಾರು ಏನು ಎಂದು ಕೇಳದೆ ಚಹಾಕ್ಕೆ ನೀರಿಟ್ಟಳು.

"ನೀವು ಹಸುವಿನ ಹಾಲು ಕರೆಯುತ್ತೀರಾ?" ಎಂದ ರಸೆಲ್.

"ಇಲ್ಲ" ಎಂದ ಈಶಣ್ಣ.

"ಕರೆಯುತ್ತೇನೆ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು."

ಎಲ್ಲಿ ಹಸು ಎಂದು ಕೇಳಬೇಕೆಂದು ಈಶಣ್ಣನ ನಾಲಿಗೆ ತುದಿಗೆ ಬಂತು. ನಿಖರವಾಗಿ ಮಾತಾಡುವ ರೋಗದ ಫಲ ಕಣ್ಣೆದುರೇ ಇತ್ತಾದ್ದರಿಂದ ಸುಮ್ಮನಾದ.

ರಸೆಲ್ ಏಲಕ್ಕಿ ಚಹಾ ಕುಡಿದು, ಲೋಟದೊಳಗೆ ಇಣುಕಿ, ಮತ್ತೆ ಕುಡಿದ. ತಾನು ಈ ಊರಿನಲ್ಲೇ ಹುಟ್ಟಿದವನು, ಈಗ ಹೊಳೆಯಾಚೆ ಟ್ರೇಲರ್ ಎಂಬ ಚಕ್ರದ ಮೇಲಿನ ಮನೆಯಲ್ಲಿ ಸಂಸಾರ ಮಾಡುತ್ತಿದ್ದೇನೆ, ಈ ಊರಿನ ನಿಯಮ ಕಾಯಲು ಬೇರೆ ರಾಜ್ಯದಿಂದ ಬರುತ್ತೇನೆ ಎಂದ. ಹೇಳುವಾಗ ಅವನಿಗೆ ಸಿಟ್ಟೂ ಇರಲಿಲ್ಲ. ಆಮೇಲೆ ಸ್ಟೋವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, ಯಾರ ಮುಖವನ್ನೂ ನೋಡದೆ ಮಾತಾಡಿದ. "ಕಾಗದದಲ್ಲಿ ಮನೆ ಅಂದರೆ ಇದು. ಸ್ಟೋವ್ ಇದ್ದರೆ ಅಡುಗೆಮನೆ. ಅಡುಗೆಮನೆ ಇದ್ದರೆ ಅದೊಂದು ಮನೆ. ಗುರುವಾರ ನಾನು ಬಂದಾಗ ಸ್ಟೋವ್ ಇಲ್ಲದಿದ್ದರೆ ಇಲ್ಲಿ ಮನೆ ಇಲ್ಲ. ಇಲ್ಲದ ಮನೆಯಿಂದ ನಾನು ಯಾರನ್ನು ಬಿಡಿಸಲಿ? ಇಬ್ಬರು ಪೇಯಿಂಗ್ ಗೆಸ್ಟ್‌ಗಳನ್ನು ಇಟ್ಟುಕೊಳ್ಳಲು ಯಾವ ಮನೆಯವರಿಗೂ ಅನುಮತಿ ಇದೆ, ಊಟ ಒಂದೇ ಅಡುಗೆಮನೆಯದಾಗಿದ್ದರೆ." ಮುದುಕಿಯ ಕಡೆ ತಿರುಗಿ, "ನಿಮ್ಮ ಅಡುಗೆಮನೆ" ಎಂದ.

ಈಶಣ್ಣ ಕನ್ನಡದಲ್ಲಿ ಹೆಂಡತಿಗೆ ತಿಳಿಸಿದ. ಶೈಲಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮಲ್ಲೂ ಹಂಗ ಅಲ್ಲೇನ್ರಿ? ಒಲಿ ಬ್ಯಾರೆ ಆದ್ರ ಮನಿ ಬ್ಯಾರೆ. ಒಲಿ ಒಂದಿದ್ರ, ದಿನಾ ಹೊಡದಾಡಿದ್ರೂ ಒಂದ ಮನಿ. ಇವ್ರಿಗೆ ಇದನ್ನ ಯಾರ್ ಹೇಳಿಕೊಟ್ರು?" ಆಮೇಲೆ ನಗು ನಿಂತಿತು. "ಖರೇ, ಅಜ್ಜಿ ಒಲಿ ಮ್ಯಾಲೆ ದಿನಾ ಮುಂಜಾನೆ ಹಂದಿ ಹುರೀತಾಳ. ಆ ವಾಸನಿಗೆ ನನಗ ಈಗ ಇಲ್ಲಿಂದನ ವಾಂತಿ ಬರ್ತದ. ಅಲ್ಲಿ ನಿಂತು ನಾ ರೊಟ್ಟಿ ಹ್ಯಾಂಗ ಬಡೀಲಿ?"

"ಏನಂದಳು?" ಎಂದಳು ಮುದುಕಿ.

ಈಶಣ್ಣ ಈ ಸಲವಾದರೂ ಅನುವಾದದಲ್ಲಿ ಸ್ವಲ್ಪ ಸುಳ್ಳು ಬೆರೆಸೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಶೈಲಜಾ ತಾನೇ ತನ್ನ ಇಂಗ್ಲಿಷಿನಲ್ಲಿ, ಬೇಕನ್, ಸ್ಮೆಲ್, ಎಂದು ಮೂಗು ಮುಚ್ಚಿ, ಹೊಟ್ಟೆ ಮುಟ್ಟಿ ತೋರಿಸಿ, ಸಾರಿ ಎಂದಳು. ಮುದುಕಿ ಬಹಳ ಹೊತ್ತು ಅವಳ ಹೊಟ್ಟೆಯನ್ನೇ ನೋಡಿದಳು. "ನನಗೂ ಹಾಗೇ ಆಗಿತ್ತು, ಮಗ ಹೊಟ್ಟೆಯಲ್ಲಿದ್ದಾಗ. ಕಾಫಿ ವಾಸನೆಗೆ" ಎಂದು ಕೆಳಗಿಳಿದು ಹೋದಳು. ಹೂಂ ಅಂದಳೋ ಉಹೂಂ ಅಂದಳೋ ತಿಳಿಯಲಿಲ್ಲ.

ಬುಧವಾರ ರಸೆಲ್ ತಾನೇ ಪಿಕಪ್ ಟ್ರಕ್ಕು ತಂದ. ಈಶಣ್ಣನೂ ಅವನೂ ಸೇರಿ ಸ್ಟೋವನ್ನು ಮೆಟ್ಟಿಲಿಳಿಸಿದರು. ಅರ್ಧದಲ್ಲಿ ಈಶಣ್ಣನ ಬೆನ್ನು ಹಿಡಿದುಕೊಂಡಿತು. ಉಳಿದರ್ಧವನ್ನು ರಸೆಲ್ ಒಬ್ಬನೇ ಇಳಿಸಿದ ಎಂಬುದು ನಿಜವಾದ ವರದಿ. ತನ್ನ ಟ್ರೇಲರಿನ ಸ್ಟೋವಿನಲ್ಲಿ ಎರಡು ಒಲೆ ಕೆಟ್ಟಿವೆ, ಇದನ್ನು ಒಯ್ಯಲೇ ಎಂದು ಅವನು ಮುದುಕಿಯನ್ನು ಕೇಳಿ ಒಯ್ದ. ಗುರುವಾರ ಅಧಿಕಾರಿಯ ಟೋಪಿ ಹಾಕಿಕೊಂಡು ಬಂದು, ಖಾಲಿ ಮೂಲೆ ನೋಡಿ, ಸಹಿ ಹಾಕಿ ಹೋದ. ಅದೇ ವಾರ ಕಚೇರಿಯಲ್ಲಿ ಈಶಣ್ಣ ಕಿತ್ತಳೆಯನ್ನು ಬ್ಲೇಡಿನಿಂದ ಕೆರೆದು ಹಳದಿ ತುಂಬಿದ. ಬಾಸ್ ನೋಡಿ, ಈಗ ಸರಿಯಾಯಿತು ಎಂದರು.

ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಹಿಟ್ಟು, ತವೆ, ಮಸಾಲೆ ಡಬ್ಬಿ ಹೊತ್ತು ಅಂಗಳ ದಾಟಿ ದೊಡ್ಡ ಮನೆಯ ಅಡುಗೆಮನೆಗೆ ಹೋದರು. ಬಾಗಿಲು ತೆರೆದೇ ಇತ್ತು. ಸ್ಟೋವನ್ನು ತಿಕ್ಕಿ ತಿಕ್ಕಿ ತೊಳೆದಾಗಿತ್ತು, ಕಿಟಕಿಗಳನ್ನು ಆ ಚಳಿಯಲ್ಲೂ ತೆರೆದಿಡಲಾಗಿತ್ತು. ಎರಡು ಕಪಾಟು ಖಾಲಿ. ಮುದುಕಿ ಇರಲಿಲ್ಲ.

"ಅಜ್ಜಿ ಎಲ್ಲಿ?" ಎಂದ ಈಶಣ್ಣ.

ಶೈಲಜಾ ಕಿಟಕಿಯಿಂದ ತೋರಿಸಿದಳು. ಮಿಸೆಸ್ ವ್ಯಾನ್‌ಡೋರ್ನ್ ಕೋಟು ತೊಟ್ಟು, ಗಂಡನ ಬೂಟು ಹಾಕಿಕೊಂಡು, ಕಂಕುಳಲ್ಲಿ ಒಂದು ಕರೆಂಟ್ ಒಲೆ, ಕೈಯಲ್ಲಿ ಕಬ್ಬಿಣದ ಬಾಣಲೆ ಹಿಡಿದು, ಮಂಜುಗಟ್ಟಿದ ಮರದ ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಿದ್ದಳು. ಅವರ ಕೋಣೆಯ ಹೊರಗೆ, ಮೆಟ್ಟಿಲ ತುದಿಯ ಸಣ್ಣ ಗಾಜಿನ ಪಡಸಾಲೆಯಲ್ಲಿ ಒಲೆ ಇಟ್ಟು, ಪ್ಲಗ್ ಚುಚ್ಚಿ, ಬೇಕನ್ ಹುರಿಯಲು ನಿಂತಳು. ಅವಳ ಉಸಿರಿನ ಹಬೆ ಯಾವುದು, ಬಾಣಲೆಯ ಹೊಗೆ ಯಾವುದು, ಗೊತ್ತಾಗುತ್ತಿರಲಿಲ್ಲ.

"ನೀ ಹೇಳಿದೇನು ಹಂಗ ಮಾಡು ಅಂತ?"

"ನಾ ಯಾಕ ಹೇಳಲ್ರಿ? ನಿನ್ನೆ ಅಕಿನ ಬಂದು, ಮುಂಜಾನೆ ಒಲಿ ನಿನಗ, ಹಂದಿ ನಾ ಅಲ್ಲಿ ಹುರೀತೀನಿ ಅಂತ ಕೈಸನ್ನಿ ಮಾಡಿ ಹೇಳಿದ್ಲು. ನಾ ಬ್ಯಾಡ ಅಂದೆ. 'ಐವತ್ತು ವರ್ಷ ಇಲ್ಲೇ ನಿಂತು ನಿಂತು ಸಾಕಾಗೇದ' ಅಂತ ಅಂದಂಗಿತ್ತು. ನನಗ ಪೂರಾ ತಿಳೀಲಿಲ್ಲ." ಶೈಲಜಾ ಹಿಟ್ಟಿಗೆ ಬಿಸಿನೀರು ಹಾಕಿದಳು. "ನೀವು ಆಫೀಸಿನ್ಯಾಗ ಇದನ್ನೆಲ್ಲ ಯಾವ ಬಣ್ಣದಾಗ ಬರೀತೀರಿ?"

ಈಶಣ್ಣನಿಗೆ ಮನೆ ಉಳಿದಿತ್ತು. ಕಾಗದದ ಮೇಲೆ ಅದು ಮನೆಯಲ್ಲ. ಆದರೂ ಜೂನಿನಲ್ಲಿ ಕೂಸು ಬರುವುದು ಅಲ್ಲಿಗೇ. ಏಳು ಗಂಟೆಗೆ ಪಂಪಿನ ಸಾಲು ಹಿಡಿಯಬೇಕಿತ್ತು, ಸಮ ನಂಬರಿನ ಕಾರಿಗೆ ಒಂದು ದಿನ, ಬೆಸಕ್ಕೆ ಒಂದು ದಿನ ಪೆಟ್ರೋಲ್; ಇವತ್ತು ಅವನ ಕಾರಿನ ನಂಬರಿನ ದಿನ. ಅವನು ಗೋಡೆಗೆ ಒರಗಿಸಿದ್ದ ಸಲಿಕೆಯನ್ನೂ ಐಸು ಕರಗಲೆಂದು ಒಂದು ಹಿಡಿ ಉಪ್ಪನ್ನೂ ತೆಗೆದುಕೊಂಡು ಅಂಗಳಕ್ಕೆ ಹೋದ. ಮುದುಕಿ ಮೇಲಿಂದ, "ನಿನಗೆ ತಡವಾಗುತ್ತದೆ, ಹೋಗು" ಎಂದು ಕೂಗಿದಳು. ಅವನು ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದ. ಹದಿನಾರು ಮೆಟ್ಟಿಲು. ಅವಳು ಇಳಿಯುವುದರೊಳಗೆ ಒಂದೊಂದರ ಮೇಲಿನ ಐಸನ್ನೂ ಕೆರೆದು ಮುಗಿಸಬೇಕಿತ್ತು.